ಗೋರಾಯಿ ದಂಡೆಯ ಡಾಂಬರು ನಮ್ಮ ಸೂರಿನ ಮೇಲಿದೆ

ದಹಿಸರ್, ಮುಂಬಯಿ
ಮೇ ತಿಂಗಳ ಕೊನೆಯ ವಾರ, ೧೯೭೪

ಸಮುದ್ರದ ಮೇಲಿನ ಹಡಗುಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ತಾವು ಕ್ಷೇಮವೇ? ಮನೆಯವರೆಲ್ಲ ಆರಾಮವೇ? ಊರಿನಲ್ಲಿರುವ ತಂಗಿ ಸೋಮವ್ವನಿಗೆ ಪತ್ರ ಬರೆಯುವಾಗ ಮನೆಮಂದಿಯ ಹೆಸರು ಹಿಡಿದು ಆರೋಗ್ಯ ಕೇಳದೆ ನಾನು ಮುಂದಿನ ಸಾಲಿಗೆ ಹೋಗುವವನಲ್ಲ. ತಮ್ಮ ಹೆಸರು ನನಗೆ ಗೊತ್ತಿಲ್ಲ. ತಮ್ಮ ಕಾಗದದ ಕೆಳಗಿನ ಸಹಿಯನ್ನು ಇಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಓದಿದರು. ಆದ್ದರಿಂದ ನಮ್ಮ ಕಡೆಯವರ ಕ್ಷೇಮವನ್ನೇ ಹೇಳುತ್ತೇನೆ. ನನ್ನ ಹೆಂಡತಿ ಗುರುಬಾಯಿ ಮೊಣಕಾಲು ನೋವೊಂದು ಬಿಟ್ಟರೆ ಚೆನ್ನಾಗಿದ್ದಾಳೆ. ಪಕ್ಕದ ಗುಡಿಸಲಿನ ಚಾಂದಸಾಬ, ತಗಡು ಕೆಲಸದವನು, ಚೆನ್ನಾಗಿದ್ದಾನೆ. ನಮ್ಮ ಓಣಿಗೆ ಮೀನು ಮಾರಲು ಬರುವ ಗೋರಾಯಿಯ ನೀಲಾಬಾಯಿ ಮಾತ್ರ ಚೆನ್ನಾಗಿಲ್ಲ. ಅವಳ ಗಂಡನ ಬಲೆ ಕೆಟ್ಟುಹೋಗಿದೆ. ಅದರ ಮೇಲೆ ತಾವು ಅವರ ದೂರು ಸುಳ್ಳೆಂದು ಬರೆದು ಕಳುಹಿಸಿದ್ದೀರಿ. ಮಾನ್ಯರೇ, ಅದು ಸುಳ್ಳಲ್ಲ. ಸಾಕ್ಷಿ ನನ್ನ ಮನೆಯ ಸೂರಿನ ಮೇಲಿದೆ. ಅಲ್ಲಿಗೆ ಅದನ್ನು ಒಯ್ದವನೂ ನಾನೇ.

ಇದರ ಮರಾಠಿ ಪ್ರತಿ ತಮ್ಮ ಕಚೇರಿಗೆ ಬರುತ್ತದೆ. ಕನ್ನಡದಲ್ಲಿ ನಮ್ಮವರ ಪತ್ರಿಕೆಗೆ ಕೊಟ್ಟದ್ದು ಏಕೆಂದರೆ, ಈ ತಪ್ಪಿನಲ್ಲಿ ನಮ್ಮವರ ಕೈಯೂ ಇದೆ. ಅವರೂ ಓದಲಿ.

ಈ ತಿಂಗಳ ಮೊದಲಿಗೆ ನೀಲಾಬಾಯಿಯ ಗಂಡ ದೋಣಿ ಹಾಕಿದಾಗ, ಹಿಂಬದಿಯ ಹೆಸರು ಕಾಣುವಷ್ಟು ದೂರದಲ್ಲಿ ಒಂದು ಎಣ್ಣೆ ಹಡಗು ಬೆನ್ನ ಹಿಂದೆ ಕಪ್ಪು ಪಟ್ಟೆ ಎಳೆಯುತ್ತ ಹೋಗುವುದನ್ನು ಕಂಡನು. ಎಣ್ಣೆ ಇಳಿಸಿ ಖಾಲಿಯಾದ ಟಾಕಿಗಳನ್ನು ಸಮುದ್ರದ ನೀರಿನಲ್ಲಿ ತೊಳೆದು ಆ ಕೊಳೆಯನ್ನು ಸಮುದ್ರಕ್ಕೇ ಬಿಡುವುದು ಇಂಥ ಹಡಗುಗಳ ವಾಡಿಕೆಯಂತೆ. ನಮ್ಮ ಗುರುಬಾಯಿ ಎಣ್ಣೆ ಡಬ್ಬಿ ತೊಳೆದ ನೀರನ್ನು ನೆರೆಮನೆಯ ಹೊಸ್ತಿಲಿಗೆ ಚೆಲ್ಲಿದರೆ ಓಣಿಯಲ್ಲಿ ಏನಾಗುತ್ತದೆಂದು ತಾವು ಊಹಿಸಬಲ್ಲಿರಿ. ಸಮುದ್ರಕ್ಕೆ ಹೊಸ್ತಿಲಿಲ್ಲ, ಅಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ ಎಂದು ಹಡಗಿನವರು ತಿಳಿದಿರಬೇಕು. ಆ ದಿನ ಬಲೆಯಲ್ಲಿ ಮೀನಿಗಿಂತ ಡಾಂಬರು ಹೆಚ್ಚು ಬಂತು. ಮರುದಿನ ದಂಡೆಯ ತುಂಬ ಕಪ್ಪು ಉಂಡೆಗಳು. ಮೀನುಗಾರರು ತಮಗೆ ದೂರು ಕೊಟ್ಟು, ಸಾಹೇಬರು ಬಂದು ಕಣ್ಣಾರೆ ನೋಡಲೆಂದು ಕೆಟ್ಟ ಬಲೆಯನ್ನು ಮರಳಿನ ಮೇಲೆ ಹಾಗೆಯೇ ಬಿಟ್ಟರು.

ಆದರೆ ರೈಲು ಮುಷ್ಕರ. ತಮ್ಮ ಸಾಹೇಬರಿಗೆ ಬರಲಾಗಲಿಲ್ಲ. ಲೋಕಲ್ ಅಷ್ಟಿಷ್ಟು ಓಡತೊಡಗಿದ ಮೇಲೆ ಬಂದರು, ಪ್ಯಾಂಟು ಮಡಚಿಕೊಂಡು ದಂಡೆಯ ಮೇಲೆ ನಡೆದರು. ಮರಳು ಬೆಳ್ಳಗೆ ಹಸನಾಗಿತ್ತು. ಬಲೆ ಎಲ್ಲಿ ಎಂದರು. ಬಲೆ ಇರಲಿಲ್ಲ. ಆಮೇಲೆ ಬಂದ ತಮ್ಮ ಉತ್ತರವನ್ನು ನೀಲಾಬಾಯಿ ನನ್ನಿಂದ ಓದಿಸಿಕೊಂಡಳು. ಅದರಲ್ಲಿದ್ದದ್ದು ಇಷ್ಟು: ದಂಡೆಯಲ್ಲಿ ಎಣ್ಣೆಯ ಕುರುಹಿಲ್ಲ, ದೂರು ಸುಳ್ಳು. ಎಣ್ಣೆ ಇದ್ದರೂ ಅದು ನಮ್ಮ ದೇಶದ ಹನ್ನೆರಡು ಮೈಲಿಯ ಹದ್ದಿನ ಆಚೆ ಬಿಟ್ಟದ್ದು. ಹದ್ದು ಯಾವುದೇ ಇರಲಿ, ಹಡಗು ಪರದೇಶದ ಬಾವುಟದ್ದು, ವಿಚಾರಿಸಬೇಕಾದದ್ದು ಆ ದೇಶ. ನಿಜ ಹೇಳುತ್ತೇನೆ, ಮಾನ್ಯರೇ, ಒಂದು ಉತ್ತರ ಸಾಲುತ್ತಿತ್ತು. ಇರಲಿಲ್ಲ ಎಂದವರು ಅದು ಎಲ್ಲಿತ್ತೆಂದು ಮತ್ತೆ ಏಕೆ ಹೇಳಬೇಕಾಯಿತು?

ಈಗ ಮರಳು ಹಸನಾದ ಬಗೆ ಕೇಳಿ.

ನಾನು ವಿಜಾಪುರದ ಕಡೆಯವನು, ಗಾರೆ ಕೆಲಸದವನು. ನಮ್ಮ ಸೀಮೆಯಲ್ಲಿ ಮನೆಗಳಿಗೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಹಳ್ಳದ ದಂಡೆಯಿಂದ ಕರಲು ಮಣ್ಣು ತಂದು ಮಾಳಿಗೆಯ ಮೇಲೆ ಹರವುತ್ತೇವೆ. ಆ ಮಣ್ಣಿದ್ದರೆ ಮನೆ ಸೋರುವುದಿಲ್ಲ. ಅದಕ್ಕೆ ಒಡೆಯನಿಲ್ಲ, ಅಗೆದವನದೇ ಮಣ್ಣು. ತರುವ ಮುಂಚೆ ಹಳ್ಳಕ್ಕೆ ಉಡಿ ತುಂಬುವುದುಂಟು: ಒಂದು ಕುಪ್ಪಸದ ಬಟ್ಟೆ, ತೆಂಗಿನಕಾಯಿ, ಅರಿಶಿನ ಕುಂಕುಮ. ಬಸುರಿಯಾದ ಮಗಳಿಗೆ ತುಂಬಿದ ಹಾಗೆಯೇ.

ಮುಂಬಯಿಗೆ ಬಂದ ಮೇಲೆ ಮಾಳಿಗೆ ಹೋಗಿ ತಗಡು ಬಂತು, ಸೋರುವುದು ಹೋಗಲಿಲ್ಲ. ಕೆಲವು ವರ್ಷಗಳ ಹಿಂದೆ ಗೋರಾಯಿಗೆ ಹೋಗಿದ್ದಾಗ ದಂಡೆಯ ಮೇಲೆ ಡಾಂಬರಿನ ಉಂಡೆ ಕಂಡೆ. ತಂದು ಕಾಯಿಸಿ ತಗಡಿನ ತೂತಿಗೆ ಬಳಿದೆ. ಆ ಮಳೆಗಾಲ ಒಂದು ಹನಿ ಇಳಿಯಲಿಲ್ಲ. ಗುರುಬಾಯಿ ಬೊರಿವಲಿಯಿಂದ ದೋಣಿಯಲ್ಲಿ ದಾಟಿ ಹೋಗಿ ಸಮುದ್ರಕ್ಕೆ ಉಡಿ ತುಂಬಿ ಬಂದಳು. ಅಂದಿನಿಂದ ಪ್ರತಿ ಬೇಸಗೆ ನಮ್ಮ ಓಣಿಯವರು ಹೋಗುತ್ತಿದ್ದೇವೆ. ಎಲ್ಲರಿಗೂ ದಾರಿ ತೋರಿಸಿದವನು ನಾನು. ಹೋದ ವರ್ಷ ಡಾಂಬರು ಕಡಿಮೆ ಬಂತೆಂದು ಮುಖ ಸಪ್ಪಗೆ ಮಾಡಿಕೊಂಡು ಬಂದವನೂ ನಾನೇ. ಅದು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯಾದರೂ ಕೇಳಿದೆನೇ? ಮಣ್ಣಿನ ಹಾಗೆ ಇದೂ ನೆಲದ್ದೋ ನೀರಿನದೋ ಕೊಡುಗೆ ಎಂದುಕೊಂಡೆ. ಹಡಗಿನವರು ಬಿಟ್ಟ ಹೊಲಸಿಗೆ ನಾವು ಅರಿಶಿನ ಕುಂಕುಮ ಏರಿಸಿ ಕೈಮುಗಿದೆವು.

ಈ ಸಲ ಮುಷ್ಕರದ ದೆಸೆಯಿಂದ ಲೋಕಲ್ ಸರಿಯಾಗಿ ಓಡದೆ ಗಂಡಸರೆಲ್ಲ ಕೆಲಸವಿಲ್ಲದೆ ಮನೆಯಲ್ಲಿ. ದಂಡೆಯ ಮೇಲೆ ಎಂದೂ ಕಾಣದಷ್ಟು ಡಾಂಬರು. ಗೋಣಿಚೀಲ, ಡಬ್ಬಿ ಹಿಡಿದು ಓಣಿಗೆ ಓಣಿಯೇ ಹೊರಟಿತು. ಒಂದು ಉಂಡೆಯನ್ನೂ ಬಿಡದೆ ಕೆರೆದು ತಂದೆವು. ದಂಡೆಯಲ್ಲಿ ಬಿದ್ದಿದ್ದ ಕಪ್ಪಾದ ಹಸಿರು ಬಲೆಯನ್ನು ಚಾಂದಸಾಬ ಎತ್ತಿಕೊಂಡ. “ಯಾರೋ ಬಿಸಾಕ್ಯಾರ, ಖಂಡಪ್ಪಣ್ಣ. ಒಳಗ ದಾರ ಇದ್ರ ಡಾಂಬರ ಗಟ್ಟಿ ಹಿಡಿತೈತಿ,” ಎಂದ. ಅವನು ಹೇಳಿದ್ದು ಕೆಲಸದ ಮಾತು. ಬಲೆಯನ್ನು ಕತ್ತರಿಸಿ ತಗಡುಗಳ ಸಂದಿಗೆ ಹಾಸಿ ಮೇಲೆ ಡಾಂಬರು ಬಳಿದೆವು. ದೊಡ್ಡ ತುಂಡು ನನ್ನ ಸೂರಿಗೇ ಬಿತ್ತು.

ತಮ್ಮ ಉತ್ತರ ಓದಿಸಿಕೊಳ್ಳಲು ನೀಲಾಬಾಯಿ ಬಂದ ದಿನ, ಓದು ಮುಗಿದ ಮೇಲೆ ಬುಟ್ಟಿ ಎತ್ತುವಾಗ ತಲೆ ಮೇಲೆತ್ತಿದಳು. ಸೂರಿನ ಅಂಚಿನಿಂದ ಹಸಿರು ದಾರ ಜೋತುಬಿದ್ದಿತ್ತು. ವ್ಯಾಪಾರ ಮಾಡಿ ಮಾಡಿ ಅವಳು ನಮ್ಮ ಮಾತು ಕಲಿತಿದ್ದಾಳೆ, ನಡುವೆ ಮರಾಠಿ ಬೆರೆಯುತ್ತದೆ; ನಾನು ಅವಳಿಗೆ ಆಜೋಬಾ, ಎಂದರೆ ಅಜ್ಜ.

“ಆಜೋಬಾ, ಹೇ ಕಾಯ್? ನಿಮ್ಮ ಸೂರಿಗೆ ನಮ್ಮ ಜಾಳ ಹ್ಯಾಂಗ ಹತ್ತಿತು?”

ಗುರುಬಾಯಿಗೆ ಇನ್ನೂ ತಿಳಿದಿರಲಿಲ್ಲ. ನಗುತ್ತಲೇ ಹೇಳಿದಳು: “ಸಮುದ್ರವ್ವ ಕೊಟ್ಟಾಳ ತಂಗಿ. ಈ ಸಲದ ಉಡಿ ಇನ್ನ ತುಂಬಬೇಕು.”

“ಸಮುದ್ರ ಕೊಟ್ಲಾ? ಅದು ನನ್ನ ಗಂಡ ನೇಯ್ದದ್ದು, ಆಜೀ. ಆ ಗಂಟು ಅವಂದು. ಸಾಹೇಬ್‌ಗೆ ತೋರಸಾಕ ಅಂತ ಅಲ್ಲೇ ಬಿಟ್ಟಿದ್ವಿ.” ಅವಳು ಬುಟ್ಟಿ ಕೆಳಗಿಟ್ಟಳು. “ಸಾಹೇಬ್ ನಂಗ ಸುಳ್ಳಿ ಅಂದ. ನಂದು ಖರೆ ಎಲ್ಲಾ ನಿಮ್ಮ ಮನಿ ಮ್ಯಾಗ ಏರಿ ಕುಂತೈತಿ ನೋಡ್ರಿ!”

ಒಂದು ಬೊಂಬಿಲ ಮೀನಿಗೂ ಓಣಿಯ ತುದಿಗೆ ಕೇಳುವಂತೆ ಚೌಕಾಸಿ ಮಾಡುವವಳು ಇಷ್ಟನ್ನು ಮೆಲ್ಲಗೆ ಹೇಳಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಗುರುಬಾಯಿ ಒಳಗೆ ಹೋಗಿ, ಈ ವರ್ಷ ಸಮುದ್ರಕ್ಕೆಂದು ಎತ್ತಿಟ್ಟಿದ್ದ ಕುಪ್ಪಸದ ಬಟ್ಟೆ, ತೆಂಗಿನಕಾಯಿ ತಂದು ಅವಳ ಮುಂದೆ ಹಿಡಿದು ನಿಂತಳು. “ತಪ್ಪಾತವಾ. ಹಿಡಿ, ನಿನ್ನ ಉಡಿ ತುಂಬ್ತೀನಿ.”

“ಉಡಿ ನಕೋ, ಆಜೀ. ಸಾಹೇಬ್ ಸುಳ್ಳಿ ಅಂತ ಬರದು ಕೊಟ್ಟಾನ. ನೀವು ಸುಳ್ಳಿ ಅಲ್ಲ ಅಂತ ಬರದು ಕೊಡ್ರಿ.”

ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಾಲೆಗೆ ಹೋದವನಲ್ಲ. ಬೈಕುಲ್ಲಾದಲ್ಲಿ ಗಾರೆ ಕೆಲಸಕ್ಕಿದ್ದಾಗ ಅಂಗಡಿಗಳ ಬೋರ್ಡು ನೋಡಿ ಅಕ್ಷರ ಕೂಡಿಸಿದವನು. ಆದರೂ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಕುಳಿತು, ತಿಳಿಯದ್ದನ್ನು ಅಲ್ಲಿಯ ಮಾಸ್ತರರಿಂದ ಕೇಳಿ, ತಮ್ಮ ಉತ್ತರದ ಬೆನ್ನು ಹತ್ತಿದೆ. ನೆಲದಿಂದ ಐವತ್ತು ಮೈಲಿಯೊಳಗೆ ಇಂಥ ಹಡಗು ಎಣ್ಣೆ ಬಿಡಬಾರದೆಂದು ದೇಶದೇಶಗಳ ಒಪ್ಪಂದವೇ ಇದೆಯಂತೆ. ನಮ್ಮ ದೇಶವೂ ಈ ವರ್ಷ ಅದಕ್ಕೆ ಸೇರಿದೆಯಂತೆ. ಹಾಗಿದ್ದ ಮೇಲೆ ಹನ್ನೆರಡರ ಮಾತು ಹೇಳಿ ಐವತ್ತನ್ನು ಮರೆತದ್ದೇಕೆ? ಬಾವುಟದ ದೇಶವೇ ವಿಚಾರಿಸಬೇಕೆಂಬುದು ನಿಜವಂತೆ. ಆದರೆ ತಪ್ಪು ನಡೆದ ಊರಿನವರು ಸಾಕ್ಷಿ ಕಟ್ಟಿ ಆ ದೇಶಕ್ಕೆ ಬರೆದು ತಿಳಿಸಬಹುದೆಂದೂ ಅದೇ ಒಪ್ಪಂದದಲ್ಲಿದೆಯಂತೆ. ತಾವು ಬರೆದಿರಾ? ಆ ಹಡಗಿನ ಬೆನ್ನ ಮೇಲಿನ ಹೆಸರನ್ನು ಮೀನುಗಾರರು ತಮಗೆ ಹೇಳಿದ್ದರು. ಹೋದ ವರ್ಷ ಲಂಡನ್ನಿನಲ್ಲಿ ದೊಡ್ಡವರು ಸೇರಿ ಇದಕ್ಕಿಂತ ಬಿಗಿಯಾದ ಒಪ್ಪಂದ ಬರೆದರಂತೆ. ಮುಂದಿನ ತಿಂಗಳು ಕರಾಕಸ್ ಎಂಬ ಊರಿನಲ್ಲಿ ಸಮುದ್ರ ಯಾರದೆಂದು ಮಾತಾಡಲು ಮತ್ತೆ ಸೇರುತ್ತಾರಂತೆ. ಸೇರಲಿ, ಒಳ್ಳೆಯದಾಗಲಿ. ಅಲ್ಲಿ ನಮ್ಮ ಕಡೆಯಿಂದ ಯಾರಾದರೂ ಎದ್ದು ನಿಂತು ನಮ್ಮ ದಂಡೆ ಹಸನಾಗಿದೆ ಎಂದರೆ, ಹಸನು ಮಾಡಿದವರು ದಹಿಸರಿನ ಗುಡಿಸಲಿನವರು ಎಂಬುದನ್ನೂ ಹೇಳಲಿ.

ತಮ್ಮನ್ನು ಚುಚ್ಚಿ ಬರೆಯುವಷ್ಟು ಶುದ್ಧ ನನ್ನ ಕೈಯೂ ಅಲ್ಲ. ಹಡಗಿನವನು ಹೊಲಸು ಬಿಟ್ಟ, ತಾವು ನೋಡಲಿಲ್ಲ, ನಾನು ಬಳಿದುಕೊಂಡೆ. ಮೂವರಲ್ಲಿ ಹೆಚ್ಚು ಲಾಭ ಆದದ್ದು ನನಗೇ. ನನ್ನ ಮನೆ ಸೋರಲಿಲ್ಲ.

ತಮ್ಮನ್ನು ನಮ್ಮ ಸೂರು ನೋಡಲು ಕರೆಯುತ್ತೇನೆಂದಾಗ ಚಾಂದಸಾಬ ಬೀಡಿ ಬಾಯಿಂದ ತೆಗೆದ. “ತಲಿ ಕೆಟ್ಟೈತೇನ, ಖಂಡಪ್ಪಣ್ಣ? ಸರಕಾರದವರಿಗೆ ಸೂರು ತೋರಿಸಿದ್ರ ಸೂರು ಉಳಿತೈತಾ?” ಅವನ ಭಯ ಸುಳ್ಳಲ್ಲ. ನಮ್ಮ ಗುಡಿಸಲುಗಳಿಗೆ ಕಾಗದಪತ್ರವಿಲ್ಲ. ತಮ್ಮ ಹಿಂದೆಯೇ ಬೇರೆ ಕಚೇರಿಯವರು ಹಾರೆ ಹಿಡಿದು ಬಂದರೆ ಈ ಮಳೆಗಾಲ ನಾವು ರಸ್ತೆಯಲ್ಲಿ. ನಾನು ನೀಲಾಬಾಯಿಯ ಮಾತನ್ನು ಅವನಿಗೆ ಹೇಳಿದೆ. ಅವನು ಬೀಡಿಯನ್ನು ನೆಲಕ್ಕೆ ಹೊಸಕಿ ಆರಿಸಿ, “ಬಲಿ ಎತ್ತಿದಾಂವ ನಾನು. ನನ್ನ ಹೆಸರೂ ಹಾಕು. ಆದ್ರ ಮಳಿ ಬರೋದ್ರಾಗ ಬರಾಕ ಹೇಳು ಸಾಹೇಬರಿಗೆ, ಆಮ್ಯಾಲೆ ಮ್ಯಾಲೆ ಹತ್ತಿದ್ರ ಜಾರ್ತಾರ,” ಎಂದ.

ಆದ್ದರಿಂದ ಕೇಳುವುದಿಷ್ಟು. ಆ ದೂರನ್ನು ಮತ್ತೆ ತೆರೆಯಿರಿ. ಬಂದು ನಮ್ಮ ಸೂರುಗಳನ್ನು ನೋಡಿ, ಡಾಂಬರು ಕೆರೆದು ಒಯ್ಯಿರಿ, ಬಾವುಟದ ದೇಶಕ್ಕೆ ಬರೆಯಿರಿ. ಹಡಗುಗಳು ಟಾಕಿ ತೊಳೆದ ಕೊಳೆಯನ್ನು ಒಪ್ಪಿಸಿ ಹೋಗಲು ಬಂದರಿನಲ್ಲೇ ಜಾಗ ಮಾಡಿರಿ. ನಾವು ಇನ್ನು ಮುಂದೆ ದಂಡೆಯ ಉಂಡೆ ಮುಟ್ಟುವುದಿಲ್ಲ. ಬಿದ್ದದ್ದು ಬಿದ್ದಲ್ಲೇ ಇರುತ್ತದೆ, ತಾವು ತಡವಾಗಿ ಬಂದರೂ ಕಾಣುತ್ತದೆ.

ಬಲೆ ಅಂಟಿದ ತಗಡನ್ನು ನಿನ್ನೆ ಚಾಂದಸಾಬ, ನಾನು ಸೇರಿ ಕಳಚಿ ಕೆಳಗಿಳಿಸಿ ಗೋಡೆಗೆ ಆನಿಸಿದ್ದೇವೆ. ಒಲೆಯ ಮೇಲೆ ಈಗ ಆಕಾಶ ಕಾಣುತ್ತದೆ. ಗುರುಬಾಯಿ ಗೋಣಿಚೀಲ ಕಟ್ಟಿದ್ದಾಳೆ. ನೀಲಾಬಾಯಿ ನಮ್ಮ ಓಣಿಗೆ ಬರುತ್ತಾಳೆ, ನಮ್ಮ ಬಾಗಿಲಲ್ಲಿ ಮಾತ್ರ ಕೂಗುವುದಿಲ್ಲ.

ಉತ್ತರ ಬೇಗ ಬರೆಯಿರಿ. ಉದ್ದ ಬೇಡ. ಆ ಮೀನುಗಾರ್ತಿ ಹೇಳಿದ್ದು ನಿಜ ಎಂದು ಒಂದು ಸಾಲು ಸಾಕು. ಓದಿ ಹೇಳುವ ಕೆಲಸ ನನ್ನದು.

ಇಂತಿ, ತಗಡು ಇಳಿಸಿದ ಸೂರಿನ ಕೆಳಗೆ ಕುಳಿತು ಬರೆದ,
ತಮ್ಮ ಜೊತೆಯ ತಪ್ಪುಗಾರ,
ಗಾರೆ ಕೆಲಸದ ಖಂಡಪ್ಪ
(ತಗಡು ಕೆಲಸದ ಚಾಂದಸಾಬನೂ ಒಪ್ಪಿದ್ದಾನೆ)