ಮುಚ್ಚಳಕ್ಕೆ ಅಂಟಿಸಿದ ಹೆಸರು

ಸರ್ಕಾರಿ ಪ್ರಯೋಗಾಲಯದ ಮುಖ್ಯಾಧಿಕಾರಿಗಳೇ,

ರೋಗಿಯ ಹೆಸರು ಬರೆದ ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸದೆ ಮುಚ್ಚಳಕ್ಕೆ ಅಂಟಿಸುವ ತಮ್ಮ ಪದ್ಧತಿಯಿಂದ ಹುಣಸೂರಿನಲ್ಲಿ ಎರಡು ಸಂಸಾರಗಳು ಕೆಟ್ಟವು. ಒಂದು ನನ್ನದು. ಸಿಟ್ಟಿನಿಂದ ಬರೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ಆದ್ದರಿಂದ ತಾವು ನಿಶ್ಚಿಂತೆಯಿಂದ ಓದಬಹುದು.

ಪೇಟೆ ಬೀದಿಯಲ್ಲಿ ನನ್ನದು ಜವಳಿ ಅಂಗಡಿ. ಪಕ್ಕದ ಮನೆ ದರ್ಜಿ ಗಯಾಸುದ್ದೀನರದು. ಹೋದ ಚಳಿಗಾಲದಲ್ಲಿ, ಎಂದರೆ ೧೯೩೭ರ ಕೊನೆಯಲ್ಲಿ, ನನ್ನ ಹೆಂಡತಿ ಪುಟ್ಟಮಲ್ಲಮ್ಮನಿಗೂ ಅವರ ಹೆಂಡತಿ ಶರೀಫುನ್ನೀಸಾಗೂ ಬಿಡದ ಕೆಮ್ಮು ಹಿಡಿಯಿತು. ಇಬ್ಬರೂ ಜೊತೆಯಾಗಿ ಆಸ್ಪತ್ರೆಗೆ ಹೋಗಿ, ಕೊಟ್ಟ ಡಬ್ಬಿಗಳಲ್ಲಿ ಕಫ ಉಗುಳಿ ಬಂದರು. ಡಬ್ಬಿಗಳು ಮೈಸೂರಿಗೆ, ತಮ್ಮಲ್ಲಿಗೆ ಬಂದವು. ಶರೀಫುನ್ನೀಸಾಗೆ ಕ್ಷಯ, ಪುಟ್ಟಮಲ್ಲಮ್ಮ ನಿರೋಗಿ ಎಂದು ತಾವು ವರದಿ ಕಳಿಸಿದಿರಿ.

ಶರೀಫುನ್ನೀಸಾಳ ಮಡಿಲಲ್ಲಿ ಹಾಲು ಕುಡಿಯುವ ಕೂಸಿತ್ತು. ವೈದ್ಯರು ಹೇಳಿದಂತೆ ಕೂಸನ್ನು ಬಿಡಿಸಿ ಅತ್ತೆ ಜಾನ್ ಬೀ ಕೈಗೆ ಕೊಟ್ಟರು. ಹಿತ್ತಿಲಲ್ಲಿ ತೆಂಗಿನ ಗರಿಯ ಮರೆ ಕಟ್ಟಿ ಆಕೆಗೊಂದು ಗುಡಿಸಲು ಹಾಕಿದರು. ಕೂಸು ಅತ್ತಾಗಲೆಲ್ಲ ಆಕೆ ಗುಡಿಸಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ಹೊಸಿಲು ದಾಟುತ್ತಿರಲಿಲ್ಲ. ನನ್ನ ಹೆಂಡತಿ ಎರಡು ಹಿತ್ತಿಲ ನಡುವಿನ ಗೋಡೆಯ ಮೇಲಿಂದ ಸಾರು, ಮುದ್ದೆ ಕೊಟ್ಟು ಸಮಾಧಾನ ಹೇಳುತ್ತಿದ್ದಳು. ತನಗೇನೂ ಇಲ್ಲವೆಂಬ ಧೈರ್ಯದಲ್ಲಿ ನಮ್ಮ ಮಗಳು ಶಿವರುದ್ರಮ್ಮನನ್ನು ಒಂದೇ ಕಂಬಳಿಯಲ್ಲಿ ತಬ್ಬಿಕೊಂಡು ಮಲಗುತ್ತಿದ್ದಳು. ಸರ್ಕಾರವೇ ಮುದ್ರೆ ಒತ್ತಿ ಹೇಳಿದ ಮೇಲೆ ಅನುಮಾನಪಡಲು ನಾವು ಯಾರು?

ಬೇಸಿಗೆಯ ಹೊತ್ತಿಗೆ ಶರೀಫುನ್ನೀಸಾಳ ಕೆಮ್ಮು ತಾನಾಗಿ ನಿಂತು ಮೈ ತುಂಬಿಕೊಂಡಿತು. ಪುಟ್ಟಮಲ್ಲಮ್ಮ ರಕ್ತ ಕಾರಿದಳು. ಮತ್ತೆ ಪರೀಕ್ಷೆಯಾಗಿ, ಕ್ಷಯ ಇವಳದೇ ಎಂದು ತಿಳಿಯಿತು. ಅಂದು ಗೋಡೆಯ ಬಳಿ ನಿಂತು ನನ್ನ ಹೆಂಡತಿ, “ನನ್ ಪಾಲಿನ ಸೆರೆವಾಸ ನೀನು ಅನುಬೋಸ್ದೆ ಕಣವ್ವ,” ಎಂದಳು. “ಅಂಗನ್ಬ್ಯಾಡಿ ಅಕ್ಕ. ಮಗೀನ ಮಾತ್ರ ಈಗ್ಲೇ ದೂರ ಮಲಗ್ಸಿ,” ಎಂದು ಶರೀಫುನ್ನೀಸಾ ಅತ್ತಳು.

ನಾನು ಮೈಸೂರಿಗೆ ಬಂದೆ. ತಮ್ಮ ಮೇಜಿನ ಮೇಲೆ ಡಬ್ಬಿಗಳೆಲ್ಲ ಬಾಯಿ ತೆರೆದು ಸಾಲಾಗಿದ್ದವು. ಮುಚ್ಚಳಗಳು ಬೇರೆ ತಟ್ಟೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

“ಇದು ಯಾರ್ದು ಅಂತ ಹೆಂಗೆ ಗೊತ್ತಾಯ್ತದೆ ಸ್ವಾಮಿ?” ಎಂದು ಅಲ್ಲಿದ್ದ ಗುಮಾಸ್ತರನ್ನು ಕೇಳಿದೆ.

“ಮುಚ್ಚಳದ ಮೇಲೆ ಬರ್ದೈತಲ್ರೀ.”

“ಮುಚ್ಚಳ ತೆಗೆದ್ಮೇಲೆ?”

ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಮುಖ್ಯಾಧಿಕಾರಿಗಳ, ಎಂದರೆ ತಮ್ಮ, ಕೋಣೆಯತ್ತ ಕೈ ತೋರಿಸಿದರು.

ತಾವು ಕುರ್ಚಿ ಕೊಟ್ಟು ಕೂರಿಸಿದಿರಿ, ಅದಕ್ಕೆ ಕೃತಜ್ಞ. ಆಮೇಲೆ, “ಕ್ಷಯಕ್ಕೆ ಮದ್ದೇ ಇಲ್ಲ. ಮೊದಲೇ ತಿಳಿದಿದ್ದರೆ ನಿಮ್ಮ ಹೆಂಡತಿಗೆ ಗುಣವಾಗುತ್ತಿತ್ತೇ?” ಎಂದಿರಿ. ವಿದ್ವತ್ಪೂರ್ಣವಾದ ಪ್ರಶ್ನೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಗುಣವಾಗುತ್ತಿರಲಿಲ್ಲವೇನೋ. ಆದರೆ ಅವಳು ಮಗಳನ್ನು ತಬ್ಬಿ ಮಲಗುತ್ತಿರಲಿಲ್ಲ, ಮಾನ್ಯರೇ. ಗುಣಪಡಿಸಲಾಗದ ರೋಗವೆಂದ ಮೇಲೆ, ಯಾರಿಗೆ ಬಂದಿದೆ ಎಂದು ಸರಿಯಾಗಿ ಹೇಳುವುದಲ್ಲದೆ ತಮ್ಮಿಂದ ಆಗುವ ಉಪಕಾರ ಇನ್ನಾವುದು?

ಆಷಾಢದಲ್ಲಿ ಪುಟ್ಟಮಲ್ಲಮ್ಮ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಮಗಳನ್ನು ಹತ್ತಿರ ಬರಗೊಡಲಿಲ್ಲ. ಬಾಗಿಲಾಚೆಯಿಂದಲೇ ಜಡೆ ತೋರಿಸು ಎನ್ನುತ್ತಿದ್ದಳು. ಅದನ್ನು ಹೆಣೆಯುತ್ತಿದ್ದವಳು ಶರೀಫುನ್ನೀಸಾ. ಆ ತಾಯಿಯ ಸ್ವಂತ ಕೂಸು ಇಂದಿಗೂ ಅವಳು ಕೈಚಾಚಿದರೆ ಜಾನ್ ಬೀ ಸೆರಗಿನ ಹಿಂದೆ ಅಡಗುತ್ತದೆ. “ಬತ್ತದೆ ಬುಡಿ ಅಣ್ಣ, ಇವತ್ತಲ್ಲ ನಾಳೆ,” ಎಂದು ಆಕೆಯೇ ನನಗೆ ಸಮಾಧಾನ ಹೇಳುತ್ತಾಳೆ.

ಈಗ ಶಿವರುದ್ರಮ್ಮ ಕೆಮ್ಮುತ್ತಿದ್ದಾಳೆ.

ನನಗೆ ಪರಿಹಾರ ಬೇಡ, ಯಾರ ಕೆಲಸವೂ ಹೋಗುವುದು ಬೇಡ. ತಮ್ಮಲ್ಲಿಗೆ ಬರುವ ಪ್ರತಿಯೊಂದು ಡಬ್ಬಿಯ ಮೈಮೇಲೆ, ನೀರು ತಾಗಿದರೂ ಅಳಿಯದ ಶಾಯಿಯಲ್ಲಿ, ರೋಗಿಯ ಹೆಸರು, ಊರು, ತೆಗೆದ ದಿನ ಬರೆಯಬೇಕೆಂದು ಇಂದೇ ಆಜ್ಞೆ ಹೊರಡಿಸಿ. ನಾಳೆ ನನ್ನ ಮಗಳ ಡಬ್ಬಿ ಬರುತ್ತದೆ. ಫಲಿತಾಂಶ ಏನೇ ಇರಲಿ, ಅದು ಅವಳದೇ ಆಗಿರಲಿ.

ಇಂತಿ,
ತಮ್ಮ ವರದಿಯನ್ನು ಒಮ್ಮೆ ನಂಬಿದ,
ಷಣ್ಮುಖಪ್ಪ
ಜವಳಿ ವ್ಯಾಪಾರಿ, ಹುಣಸೂರು