ನೀಲಿ ವೈರಿನ ಬೆಸುಗೆ

ಶಹಾಬಾದ,
೭ ಸೆಪ್ಟೆಂಬರ್ ೨೦೦೪, ಮಂಗಳವಾರ

ಪ್ರೀತಿಯ ವಂದನಾ,

ನಿನ್ನ ಕೆಮ್ಮು ಹೇಗಿದೆ? ಕುಂಚಾವರಂ ಕಡೆ ಮಳೆ ಇನ್ನೂ ಬಿಟ್ಟಿಲ್ಲವೆಂದು ನಿಮ್ಮ ಶಾಲೆಯ ಕಾಶಪ್ಪ ಮಾಸ್ತರರು ಹೇಳಿದರು. ತಣ್ಣೀರು ಕುಡಿಯಬೇಡ, ಜ್ಯೇಷ್ಠಮಧು ಬಾಯಲ್ಲಿಟ್ಟುಕೋ. ಮಾಸ್ತರರು ಮಗಳ ನಿಶ್ಚಯಕ್ಕೆಂದು ಊರಿಗೆ ಬಂದವರು ನಾಳೆ ಮುಂಜಾನೆ ತಿರುಗಿ ಹೊರಡುತ್ತಾರೆ, ಅವರ ಕೈಯಲ್ಲೇ ಈ ಪತ್ರ ಕಳಿಸುತ್ತೇನೆ. ಅವ್ವ ಆರಾಮಾಗಿದ್ದಾಳೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ದಿನಾ ಸಂಜೆ ನಿನ್ನದೇ ಜಪ: "ಆ ಹುಡುಗಿ ಅಡವ್ಯಾಗ ಒಬ್ಬಾಕಿ ಏನ್ ಉಣ್ತದೊ ಏನೊ." ಎದುರಿಗೆ ಕೂತ ಮಗ ಉಂಡನೋ ಇಲ್ಲವೋ ಕೇಳುವುದಿಲ್ಲ. ತಮಾಷೆಗೆ ಬರೆದೆ ಎಂದುಕೊಳ್ಳಬೇಡ, ಇದರಲ್ಲಿ ಸ್ವಲ್ಪ ನಿಜವೂ ಇದೆ.

ಈಗ ಡಬ್ಬಿಯ ಸುದ್ದಿ. ಶಾಲೆಯ ಹಾಸ್ಟೆಲ್ಲಿನ ಮಕ್ಕಳಿಗೆ ಯಾರೋ ಹಳೆಯ ಟಿ.ವಿ. ಕೊಟ್ಟಿದ್ದಾರೆ, ಅಲಮಾರಿಯ ಮೇಲಿರುವ ನನ್ನ ವಿಡಿಯೋ ಗೇಮ್ ಡಬ್ಬಿಯನ್ನು ಗಣಪತಿ ಹಬ್ಬದೊಳಗೆ ಕಳಿಸಿರಿ ಎಂದು ನೀನು ಬರೆದಿದ್ದೆ. ಅದರ ಕೆಳಗೆ ಇನ್ನೊಂದು ಸಾಲು: ಚಿತ್ರ ಸರಿಯಾಗಿ ಬರದಿದ್ದರೆ ಹಾಗೇ ಕಳಿಸಿರಿ, ನಾನು ನೋಡುತ್ತೇನೆ. ಆ ಸಾಲು ಓದಿ ನಾನು ನಕ್ಕೆ. ಅವ್ವನಿಗೂ ಓದಿ ಹೇಳಿ, "ನೋಡ್ತಾಳಂತ! ಫ್ಯೂಸ್ ಹೋದ್ರ ನನ್ನ ಕರಿಯಾಕಿ" ಅಂದೆ. ಏಳು ವರ್ಷದಿಂದ ಈ ಮನೆಯಲ್ಲಿ ರೇಡಿಯೋ, ಮಿಕ್ಸರ್, ಇಸ್ತ್ರಿಪೆಟ್ಟಿಗೆ ಯಾವುದು ಕೆಟ್ಟರೂ ಬಿಚ್ಚುವವನು ನಾನು, ಟಾರ್ಚ್ ಹಿಡಿದು ನಿಲ್ಲುವವಳು ನೀನು. ಹಾಗಾಗಿ ಸರಿಮಾಡಿಯೇ ಕಳಿಸಬೇಕು, ಕುಂಚಾವರಂನಲ್ಲಿ ಡಬ್ಬಿ ಹಚ್ಚಿದ ಕೂಡಲೇ ಚಿತ್ರ ಬಂದು ನೀನು ಬೆರಗಾಗಬೇಕು ಎಂದು ಹಟ ಬಂತು.

ಶನಿವಾರ ಸಂಜೆ ಡಬ್ಬಿಯನ್ನು ನಮ್ಮ ಟಿ.ವಿ.ಗೆ ಹಚ್ಚಿದೆ. ಪರದೆಯ ತುಂಬ ಗಸಗಸೆ ಚೆಲ್ಲಿದ ಹಾಗೆ ಚುಕ್ಕಿ. ಚಾನೆಲ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಾಗ ಆಟವೇನೋ ಕಂಡಿತು, ಆದರೆ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇತ್ತು. ಎರಡು ಕಪ್ಪು ಪಟ್ಟಿಗಳು ಗುಂಯ್ಯೆನ್ನುವ ಸದ್ದಿನ ಜೊತೆ ಮೆಲ್ಲಗೆ ಏರುತ್ತಿದ್ದವು. ಬಣ್ಣ ಒಮ್ಮೆ ಬಂದರೆ ಒಮ್ಮೆ ಇಲ್ಲ. ದೋಷ ನಮ್ಮ ಟಿ.ವಿ.ಯದೇ ಇರಬಹುದೆಂದು ಎದುರುಮನೆಯ ಅಖ್ತರ ಬೇಗಂ ಅವರ ಟಿ.ವಿ.ಗೂ ಹಚ್ಚಿ ನೋಡಿದೆ, ಅಲ್ಲೂ ಅದೇ ಕತೆ. ಆಟದ ಕ್ಯಾಸೆಟ್ಟಿನ ಹಿತ್ತಾಳೆ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. ಅಡ್ಡಡ್ಡ ಗೀರುಗಳು ಹೋದವು, ಉರುಳಾಟ ಹೋಗಲಿಲ್ಲ. ಟಿ.ವಿ.ಗೆ ಹೋಗುವ ವೈರು ಬದಲಿಸಿದೆ, ಗಸಗಸೆ ಕಡಿಮೆಯಾಯಿತು, ಉರುಳಾಟ ಹಾಗೇ ಇತ್ತು. ಹೊರಗಿನಿಂದ ಮಾಡುವುದೆಲ್ಲ ಮುಗಿಯಿತು. ಭಾನುವಾರ ಊಟವಾದ ಮೇಲೆ ಡಬ್ಬಿಯ ತಳದ ಸ್ಕ್ರೂ ಬಿಚ್ಚಿದೆ.

ಒಳಗೆ ಹಸಿರು ಹಲಗೆ, ಒಂದು ಮೂಲೆಯಲ್ಲಿ ಚಿತ್ರವನ್ನು ಟಿ.ವಿ.ಗೆ ದಾಟಿಸುವ ತಗಡಿನ ಪುಟ್ಟ ಪೆಟ್ಟಿಗೆ. ಆ ಪೆಟ್ಟಿಗೆಯಿಂದ ಹಲಗೆಗೆ ಒಂದು ನೀಲಿ ವೈರು ಹೋಗಿತ್ತು. ಕಂಪನಿಯವರು ಹಾಕಿದ್ದಲ್ಲ, ಯಾರೋ ಆಮೇಲೆ ಬೆಸೆದದ್ದು. ಬೆಸುಗೆ ಎರಡೂ ತುದಿಯಲ್ಲಿ ಸಾಸಿವೆ ಕಾಳಿನಂತೆ ದುಂಡಗೆ, ಹೊಳೆಯುತ್ತ ಇತ್ತು. ಮುಚ್ಚಳದ ಒಳಮೈಗೆ ಗಾಯಕ್ಕೆ ಹಚ್ಚುವ ಪಟ್ಟಿಯ ತುಂಡೊಂದನ್ನು ಅಂಟಿಸಿ, ಬಾಲ್ ಪೆನ್ನಿನಲ್ಲಿ ಒಂದೊಂದೇ ಅಕ್ಷರ ಕೂರಿಸಿ ಕೂರಿಸಿ ಬರೆದಿದ್ದರು: "ಮೇ ೧೯೮೯. ಚಿತ್ರ ಸರಿಯಾಯಿತು. ಮತ್ತೆ ಕೆಟ್ಟರೆ ನನ್ನನ್ನೇ ಕರಿ." ಹೆಸರಿಲ್ಲ.

ವಂದನಾ, ಆ 'ನನ್ನನ್ನೇ' ಎಂಬ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಎಂಬತ್ತೊಂಬತ್ತರಲ್ಲಿ ನಿನಗೆ ಹದಿನೈದು. ಸೇಡಂನಲ್ಲಿ ನಿಮ್ಮ ಮನೆಗೆ ಬಂದು ಇಷ್ಟು ಅಕ್ಕರೆಯಿಂದ ಬೆಸೆದು, ಇಷ್ಟು ಸಲಿಗೆಯಿಂದ ಬರೆದು ಹೋದವನು ಯಾರು? ಮದುವೆಯಾಗಿ ಬರುವಾಗ ನೀನು ತಂದದ್ದು ಎರಡು ಟ್ರಂಕು ಮತ್ತು ಈ ಡಬ್ಬಿ. ವಾಡಿಯಲ್ಲಿದ್ದಾಗ ಸಿಮೆಂಟ್ ಕಾಲೋನಿಯ ಎಂಜಿನಿಯರೊಬ್ಬರು ಊರು ಬಿಡುವಾಗ ನಿಮ್ಮಪ್ಪನಿಗೆ ಕೊಟ್ಟದ್ದು, ಅದಕ್ಕೇ ಇದರ ಮೇಲೆ ಜೀವ ಎಂದು ನೀನು ಹೇಳಿದ್ದೆ. ಜೀವ ಅಪ್ಪನ ನೆನಪಿಗೋ, ಈ ಪಟ್ಟಿ ಬರೆದವನ ನೆನಪಿಗೋ? ನಗಬೇಡ. ಮೂವತ್ತೈದು ದಾಟಿದ ಗಂಡಸು ಸ್ಕ್ರೂ ಡ್ರೈವರ್ ಹಿಡಿದು ಹದಿನೈದು ವರ್ಷ ಹಿಂದಿನ ಕಾಣದ ಹುಡುಗನೊಬ್ಬನ ಮೇಲೆ ಹಲ್ಲು ಕಡಿಯುತ್ತ ಕೂತಿದ್ದೆ. ಅವ್ವ ಚಹಾ ತಂದಿಟ್ಟು, "ಯಾಕೋ ವಿಠ್ಠಲಾ, ಮಾರಿ ಹಿಂಗ್ಯಾಕ ಮಾಡ್ಕೊಂಡಿ?" ಎಂದು ಕೇಳಿದರೆ ಚಹಾ ಪಕ್ಕಕ್ಕೆ ಸರಿಸಿ ಮತ್ತೆ ಡಬ್ಬಿಯ ಮೇಲೆ ಬಾಗಿದೆ. ಆ ಬೆಸುಗೆ ನಾನು ಮಾಡುವ ಬೆಸುಗೆಗಿಂತ ಚೆನ್ನಾಗಿತ್ತು, ಅದು ಇನ್ನೂ ಉರಿಸಿತು. ಇವನು ಮಾಡಿದ್ದೇ ಕೆಟ್ಟಿರಬೇಕು, ಇದರಿಂದಲೇ ಚಿತ್ರ ಉರುಳುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಇಕ್ಕಳ ಹಾಕಿ ಆ ನೀಲಿ ವೈರನ್ನು ಕಿತ್ತು ಎಸೆದೆ. ಮತ್ತೆ ಟಿ.ವಿ.ಗೆ ಹಚ್ಚಿದರೆ ಉರುಳುವ ಚಿತ್ರವೂ ಇಲ್ಲ, ಪರದೆ ಪೂರಾ ಕುರುಡು.

ಆ ವೈರಿನ ಜಾಗಕ್ಕೆ ಬೇರೆ ತುಂಡು ಹಾಕಿ ಬೆಸೆಯಲು ನಾಲ್ಕು ಸಲ ನೋಡಿದೆ. ಹಲಗೆಯ ತಾಮ್ರದ ಗೆರೆ ಎದ್ದುಬಂತೇ ಹೊರತು ವೈರು ಹಿಡಿಯಲಿಲ್ಲ. ಸೋಮವಾರ ಕೆಲಸಕ್ಕೆ ರಜೆ ಹಾಕಿದೆ. ಕಲ್ಲು ಪಾಲಿಶ್ ಕಾರ್ಖಾನೆಯ ಮಾಲೀಕರಿಗೆ ಅವ್ವನ ಕಾಲುನೋವೆಂದು ಸುಳ್ಳು ಹೇಳಿ, ಡಬ್ಬಿಯನ್ನು ನಿನ್ನ ಹಳೆಯ ಸೀರೆಯಲ್ಲಿ ಸುತ್ತಿ ರೈಲು ಹತ್ತಿದೆ. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂಗೆ ಮುಟ್ಟಿದಾಗ ಹನ್ನೊಂದು. ನಿಮ್ಮಪ್ಪ ರೇಡಿಯೋ ರಿಪೇರಿಗೆ ಒಯ್ಯುತ್ತಿದ್ದ ಶಹಾಬುದ್ದೀನರ ಅಂಗಡಿ ನಿನಗೆ ಗೊತ್ತೇ ಇದೆ. ಡಬ್ಬಿ ಸರಿಯಾಗಲಿ ಎಂದು ಹೋದೆನೋ, ಆ ಹುಡುಗ ಯಾರೆಂದು ತಿಳಿಯಲು ಹೋದೆನೋ ಕೇಳಬೇಡ. ಗುರುರಾಜ ಮಾಸ್ತರರ ಅಳಿಯ ಎಂದೊಡನೆ ಮುದುಕರು ಸ್ಟೂಲು ಒರೆಸಿ, "ಬರ್ರಿ, ಕುಂದ್ರಿ. ಮಾಸ್ತರ ಅಳಿಯಂದಿರು ಅಂದ್ರ ನಮ್ಮ ಅಳಿಯಂದಿರೇ" ಎಂದರು. ಒಂದು ಕಣ್ಣಿಗೆ ಪೊರೆ ಬಂದಿದೆ, ಕೈ ನಡುಗುತ್ತದೆ. ಡಬ್ಬಿ ಬಿಚ್ಚಿ ದೀಪದ ಕೆಳಗೆ ಹಿಡಿದು, ಇನ್ನೂ ಹಲಗೆಗೆ ಕಚ್ಚಿಕೊಂಡಿದ್ದ ನೀಲಿ ತುಣುಕನ್ನು ಬೆರಳಿನಿಂದ ಸವರಿದರು. "ಇದನ್ನ ಯಾರ ಕಿತ್ತ್ಯಾರ?"

ಇಲಿ ಕಡಿದಿದೆ ಎಂದೆ.

"ಇಲಿ ಇಕ್ಕಳ ಹಿಡೀತದೇನ್ರಿ?" ಎಂದು ಕೇಳಿ, ನಗದೆ ನನ್ನ ಮುಖ ನೋಡಿದರು.

ಆಮೇಲೆ ಧೈರ್ಯ ಮಾಡಿ, ಇದನ್ನು ಬೆಸೆದವರು ನಿಮ್ಮ ಅಂಗಡಿಯ ಹುಡುಗರೇನು ಎಂದು ಕೇಳಿ ಪಟ್ಟಿ ತೋರಿಸಿದೆ. ಮುದುಕರು ಅದನ್ನು ಕಣ್ಣಿನ ಹತ್ತಿರ ತಂದು ಓದಿ ಜೋರಾಗಿ ನಕ್ಕುಬಿಟ್ಟರು. "ಹುಡುಗರು ಎಲ್ಲಿಂದ ಬರ್ಬೇಕ್ರಿ? ಇದು ವಂದನಾನ ಕೆಲಸ. ಆಕಿ ತಮ್ಮ ಕೌಸ್ತುಭ ಅದನ್ನ ಬಿಚ್ಚಿ ಹಾಳ ಮಾಡಿದ್ದ. ಬ್ಯಾಸಗಿ ಸೂಟಿ ಪೂರಾ ಇದೇ ಸ್ಟೂಲ್ ಮ್ಯಾಲ ಕುಂತು ಕಲತ್ಲು. ಇನ್ನೊಮ್ಮಿ ಕೆಟ್ರ ನೀ ಕೈ ಹಚ್ಚಬ್ಯಾಡ, ನನ್ನ ಕರಿ ಅಂತ ತಮ್ಮಗ ಬರದು ಅಂಟಿಸಿದ್ಲು. ಖರೇ ಹೇಳ್ತೀನಿ, ಆಕಿ ಕೈ ನನ್ನ ಕೈಕಿಂತ ಸಾಫ್ ಇತ್ತು."

ನೀನಿರಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಿನ್ನ ಈಗಿನ ಅಕ್ಷರ ಓಡುವ ಅಕ್ಷರ, ಗುರುತು ಹತ್ತಲಿಲ್ಲ ಎನ್ನಬಹುದು. ಆದರೆ ಅದು ನೆಪ. ಆ ಪಟ್ಟಿ ನೋಡಿ ಊರ ಹುಡುಗರನ್ನೆಲ್ಲ ನೆನೆಸಿಕೊಂಡೆ, ನಿನ್ನನ್ನು ಮಾತ್ರ ನೆನೆಸಲಿಲ್ಲ. ಕಾಣದ ಹುಡುಗ ಹೋದ, ಹೊಟ್ಟೆಕಿಚ್ಚು ಹೋಗಲಿಲ್ಲ. ಅದು ಸೀದಾ ನಿನ್ನ ಮೇಲೆ ತಿರುಗಿತು. ಏಳು ವರ್ಷ ನಾನು ಬೆಸುಗೆ ಉದುರಿಸಿಕೊಂಡು, ಬೆರಳು ಸುಟ್ಟುಕೊಂಡು, ದೊಡ್ಡ ಮೆಕ್ಯಾನಿಕ್‌ನಂತೆ ಬೆವರು ಒರೆಸಿಕೊಳ್ಳುವಾಗ ನೀನು ಟಾರ್ಚ್ ಹಿಡಿದು ಏನೆಂದುಕೊಳ್ಳುತ್ತಿದ್ದೆ?

ಮುದುಕರು ಪರೀಕ್ಷಿಸಿ ಹೇಳಿದರು, ನಿನ್ನ ಬೆಸುಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಕೆಟ್ಟದ್ದು ಕರೆಂಟು ಒಳಬರುವ ಕಡೆಯ ಒಂದು ಕಂಡೆನ್ಸರ್. ಹೆಬ್ಬೆರಳಿನಷ್ಟು ದಪ್ಪದ್ದು, ಇಷ್ಟು ವರ್ಷಕ್ಕೆ ಒಳಗೇ ಒಣಗಿ ತಲೆ ಉಬ್ಬಿಕೊಂಡಿತ್ತು. ಆ ಕಪ್ಪು ಪಟ್ಟಿ, ಗುಂಯ್ ಸದ್ದು, ಉರುಳಾಟ ಎಲ್ಲ ಅದರದ್ದೇ. "ನನ್ನ ಕೈ ಈಗ ಕುಣೀತದ, ನೀವೇ ಮಾಡ್ರಿ, ನಾ ಹೇಳ್ತೀನಿ" ಎಂದು ಕಾದ ಸೋಲ್ಡರಿಂಗ್ ಐರನ್ ನನ್ನ ಕೈಗೆ ಕೊಟ್ಟರು. ಮೊದಲು ಕಂಡೆನ್ಸರ್ ಬದಲಿಸಿದೆ. ಆಮೇಲೆ ನೀಲಿ ವೈರಿನ ಜಾಗ. ಎದ್ದ ತಾಮ್ರದ ಗೆರೆಯನ್ನು ಬಿಟ್ಟು, ಅದರ ಮುಂದಿನ ಗಟ್ಟಿ ಬಿಂದುವನ್ನು ಬ್ಲೇಡಿನಿಂದ ಹೆರೆದು, ಮೊದಲು ಜಾಗ ಕಾಯಿಸಿ ಆಮೇಲೆ ಸೀಸ ತಾಗಿಸಬೇಕು. ನಾನು ಇಷ್ಟು ದಿನ ಸೀಸವನ್ನೇ ಕಾಯಿಸಿ ಮೆತ್ತುತ್ತಿದ್ದೆ. ಎರಡು ತಾಸು ಹಿಡಿಯಿತು. ಟಿ.ವಿ.ಗೆ ಹಚ್ಚಿ, ಮಾಸಿದ್ದ ಬಣ್ಣಕ್ಕೆ ಒಳಗಿನ ಸಣ್ಣ ಸ್ಕ್ರೂ ಒಂದನ್ನು ಎಳ್ಳುಕಾಳಷ್ಟು ತಿರುಗಿಸಿದಾಗ ಇಟ್ಟಿಗೆ ಗೋಡೆ ಒಡೆಯುವ ಆಟ ಅಲುಗದೆ ನಿಂತಿತು. ಕೆಂಪು ಕೆಂಪಾಗಿ, ಹಳದಿ ಹಳದಿಯಾಗಿ. ನಾನು ಮುದುಕರ ಕಡೆ ನೋಡಿದೆ. ಶಹಬ್ಬಾಸ್ ಅನ್ನುತ್ತಾರೆಂದುಕೊಂಡಿದ್ದೆ. ಅವರು ನನ್ನ ಬೆಸುಗೆ ಸವರಿ, "ನಡೀತದ. ಆಕಿ ನೋಡಿದ್ರ ಜರಾ ನಗ್ತಾಳ, ನಗಲಿ ಬಿಡ್ರಿ" ಎಂದರು.

ಇಂದು ಸಂಜೆ ಅಖ್ತರ ಬೇಗಂ ಅವರ ಮನೆಯಲ್ಲಿ ಇನ್ನೊಮ್ಮೆ ಹಚ್ಚಿ ನೋಡುವಾಗ ಅವರನ್ನು ಮೆಲ್ಲಗೆ ಕೇಳಿದೆ, ವಂದನಾಗೆ ರಿಪೇರಿ ಕೆಲಸ ಬರುತ್ತದೆಂದು ನಿಮಗೆ ಗೊತ್ತಿತ್ತೇ ಎಂದು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಮ್ಮ ಮಿಕ್ಸರ್, ಟೇಪು ಎಲ್ಲಾ ಆಕೇನೇ ಸರಿ ಮಾಡಿಕೊಟ್ಟಾಳ್ರಿ. ನಮ್ಮವರಿಗೆ ಹೇಳಬ್ಯಾಡ್ರಿ, ಅವರಿಗೆ ಕೆಟ್ಟ ಅನಸ್ತದ ಅಂದಿದ್ಲು" ಎಂದರು. ನನಗೆ ಕೆಟ್ಟದೆನಿಸಬಾರದೆಂದು ನೀನು ನನ್ನ ಮನೆಯಲ್ಲಿ ನಿನ್ನ ಕೈಗಳನ್ನೇ ಮುಚ್ಚಿಟ್ಟುಕೊಂಡೆ. ನಿನ್ನ ಈ ದೊಡ್ಡತನದ ಮೇಲೂ ಹೊಟ್ಟೆಕಿಚ್ಚಾಗುತ್ತದೆ ಎಂದರೆ ನಂಬುತ್ತೀಯಾ?

ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ಪುಸ್ತಕ ಓದಿ, ಒಂದೇ ಗಾಡಿಯಲ್ಲಿ ಹೋಗಿ ಶಿಕ್ಷಕರ ಪರೀಕ್ಷೆ ಬರೆದೆವು. ಪಟ್ಟಿಯಲ್ಲಿ ನಿನ್ನ ಹೆಸರು ಇಪ್ಪತ್ತಮೂರನೆಯದು. ನನ್ನದು ಇರಲೇ ಇಲ್ಲ. ಓಣಿಗೆಲ್ಲ ಪೇಢೆ ಹಂಚಿದವನು ನಾನೇ. ಹಂಚುತ್ತ, "ಹೆಣ್ಣಮಕ್ಕಳಿಗೆ ಸೀಟು ಬಿಟ್ಟಿರ್ತಾರಲ್ರಿ, ಅದಕ್ಕ ಸಿಕ್ತು" ಎಂದವನೂ ನಾನೇ. ನೀನು ಬಾಗಿಲ ಹಿಂದೆಯೇ ಇದ್ದೆ. ಕೇಳಿಸಿತೆಂದು ನಿನ್ನ ಮುಖ ನೋಡಿದಾಗಲೇ ಗೊತ್ತಾಗಿತ್ತು. ಅಂದು ರಾತ್ರಿ ನೀನು ಬಡಿಸಿದ್ದು ನನಗಿಷ್ಟದ ಹೋಳಿಗೆ. ನಿನಗಾಗಿ ಸಂತೋಷ ಪಡಬೇಕೆಂದು ಬಹಳ ಪ್ರಯತ್ನ ಪಟ್ಟಿದ್ದೇನೆ, ವಂದನಾ. ಬರುತ್ತದೆ, ಆದರೆ ಕೆಟ್ಟ ಟಿ.ವಿ.ಯಲ್ಲಿ ಬಣ್ಣ ಬಂದ ಹಾಗೆ ಬಂದು ಹೋಗುತ್ತದೆ.

ಡಬ್ಬಿಯ ಜೊತೆ ಎರಡು ಕ್ಯಾಸೆಟ್, ರೊಟ್ಟಿಗೆ ಹಚ್ಚಿಕೊಳ್ಳಲು ಅವ್ವ ಕುಟ್ಟಿದ ಶೇಂಗಾ ಹಿಂಡಿ, ಕೆಮ್ಮಿನ ಔಷಧಿ ಇಟ್ಟಿದ್ದೇನೆ. ಬೇಕಾದರೆ ಮುಚ್ಚಳ ಬಿಚ್ಚಿ ನನ್ನ ಬೆಸುಗೆ ನೋಡಿ ನಗು. ಅವ್ವ ನಿನಗೆ ತಲೆ ಸವರಿ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ಅಡುಗೆ ಮಾಡಲು ಬೇಸರಪಡಬಾರದಂತೆ. ಹಾಸ್ಟೆಲ್ಲಿನ ಮಕ್ಕಳಿಗೆಲ್ಲ ನನ್ನ ಪ್ರೀತಿ.

ನಿನ್ನ
ವಿಠ್ಠಲ್

ತಾ.ಕ.: ಬುಧವಾರ ಮುಂಜಾನೆ. ಕಾಶಪ್ಪ ಮಾಸ್ತರರು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದರೊಳಗೆ ಕಂದು ಬಣ್ಣದ ಲಕೋಟೆಯೊಂದಿದೆ. ನಿನ್ನ ಹೆಸರಿಗೆ ಮನೆಯ ವಿಳಾಸಕ್ಕೆ ಬಂದು ಹನ್ನೊಂದು ದಿನವಾಯಿತು. ವಿಜ್ಞಾನ ಪಾಠದ ತರಬೇತಿಗೆ ನಾಲ್ಕು ತಿಂಗಳು ಮೈಸೂರಿಗೆ ಜಿಲ್ಲೆಯಿಂದ ಆರು ಜನರನ್ನು ಆರಿಸಿದ್ದಾರೆ, ನೀನು ಎರಡನೆಯವಳು. ನಾನು ಅದನ್ನು ನನ್ನ ಅಂಗಿಗಳ ಕೆಳಗೆ ಇಟ್ಟಿದ್ದೆ. ದಿನ ಕಳೆದರೆ ಅದರಷ್ಟಕ್ಕೇ ಮುಗಿದುಹೋಗುತ್ತದೆ, ನಾನೇನೂ ಮಾಡಿದ ಹಾಗಾಗುವುದಿಲ್ಲ ಎಂದುಕೊಂಡಿದ್ದೆ. ನಿನ್ನೆ ರಾತ್ರಿ ಈ ಪತ್ರ ಮುಗಿಸಿ ಬೂತಿನಿಂದ ಫೋನ್ ಮಾಡಿದ್ದು ಇದನ್ನು ಹೇಳಲಿಕ್ಕೇ. ನಿನ್ನ ದನಿ ಕೇಳಿದ ಮೇಲೆ ಗೋಧಿ ಬೀಸಿಸಿದ ಸುದ್ದಿ ಹೇಳಿ ಇಟ್ಟುಬಿಟ್ಟೆ. ಒಪ್ಪಿಗೆ ಪತ್ರವನ್ನು ಕಲಬುರ್ಗಿಯ ಶಿಕ್ಷಣ ಇಲಾಖೆಯ ಆಫೀಸಿಗೆ ನೀನೇ ಬಂದು ಕೊಡಬೇಕು, ಶುಕ್ರವಾರ ಸಂಜೆ ಐದಕ್ಕೆ ಗಡುವು. ಶುಕ್ರವಾರ ಹನ್ನೊಂದಕ್ಕೆ ಕಲಬುರ್ಗಿ ಬಸ್ ಸ್ಟ್ಯಾಂಡಿನಲ್ಲಿ, ಚಿಂಚೋಳಿ ಬಸ್ಸು ನಿಲ್ಲುವಲ್ಲಿ ಇರುತ್ತೇನೆ. ಏನು ಬೈಯಬೇಕೋ ಬೈ, ಆದರೆ ಮೊದಲು ಆಫೀಸಿಗೆ ಹೋಗಿ ಸಹಿ ಮಾಡಿಬಿಡು. ಲಕೋಟೆ ಒಡೆದವನು ನಾನು. ಅಂಟು ಹಚ್ಚಿ ಮೊದಲಿನಂತೆ ಮುಚ್ಚಲು ಕೂತಿದ್ದೆ, ಬೇಡವೆನಿಸಿತು. ಒಡೆದದ್ದನ್ನು ಒಡೆದಂತೆಯೇ ಕಳಿಸುತ್ತಿದ್ದೇನೆ.