ಎಡಕ್ಕಿದ್ದ ಒಲೆ

ಫೆಬ್ರವರಿ 3, ಬೆಳಗ್ಗೆ 7
ಬಿ.ಪಿ. ಮಾತ್ರೆ ಆಯಿತು. ಇವಳ ಮಾತ್ರೆಯೂ ಆಯಿತು — ನುಂಗಿದ್ದನ್ನು ಕಣ್ಣಾರೆ ನೋಡಿದೆ. ಟೀ ಇವಳೇ ಮಾಡಿದಳು. ಮಗಳ ಹೆಸರು ಎರಡು ದಿನದಿಂದ ಇವಳಿಗೆ ನೆನಪಿಲ್ಲ. ಬಚ್ಚಲು ಯಾವ ಕಡೆ ಎಂದು ಕೇಳುತ್ತಾಳೆ. ಅಡುಗೆಮನೆಗೆ ಕಾಲಿಟ್ಟರೆ ಮಾತ್ರ ಮೊದಲಿನ ಇವಳೇ. ನೋಡದೆಯೇ ಕೈ ಸಕ್ಕರೆ ಡಬ್ಬಕ್ಕೆ ಹೋಗುತ್ತದೆ. ಡಾಕ್ಟರಿಗೆ ಹೇಳಿದ್ದೆ. "ಒಳ್ಳೇದು, ಮಾಡ್ತಾ ಇರ್ಲಿ. ಅದೊಂದು ಹೋಗದ ಹಾಗೆ ನೋಡ್ಕೊಳ್ಳಿ" ಎಂದಿದ್ದರು.

ಅಡುಗೆ ಕಟ್ಟೆಯ ಕಲ್ಲು ಮಾತ್ರ ನೋಡುವ ಹಾಗಿಲ್ಲ. ಅಂಚು ಉದುರಿದೆ, ಒಲೆಯ ಪಕ್ಕ ಉದ್ದಕ್ಕೆ ಸೀಳು. ಹೊಸದು ಹಾಕಿಸಿ ಎಂದು ಎಷ್ಟು ವರ್ಷ ಕೇಳಿದಳೋ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ರಿಟೈರ್ ಆದೆ. ಈಗ ಹಾಕಿಸಿಯೇ ಬಿಡುತ್ತೇನೆ. ನೋಡಿ ಖುಷಿಪಡುವಷ್ಟು ನೆನಪು ಉಳಿದಿರುವಾಗಲೇ.

ಫೆ. 5
ನಕ್ಷೆ ಬರೆದೆ. ಮೂವತ್ತಾರು ವರ್ಷ ಡ್ರಾಫ್ಟ್ಸ್‌ಮನ್ ಆಗಿ ಕಂಡವರ ಅಡುಗೆಮನೆಗಳನ್ನೆಲ್ಲ ಬರೆದಿದ್ದೇನೆ. ನಮ್ಮದನ್ನು ಇವತ್ತೇ ಮೊದಲು. ಕಟ್ಟೆ ಎಂಟು ಅಡಿ ನಾಲ್ಕು ಇಂಚು. ಎರಡು ಸಲ ಅಳೆದೆ.

ಒಲೆಯನ್ನು ಎಡ ಮೂಲೆಯ ಕತ್ತಲಲ್ಲಿ ಇಟ್ಟವನಿಗೆ ತಲೆ ಇರಲಿಲ್ಲ. ಸಿಂಕ್ ಬೆಳಕಿನಲ್ಲಿ, ಒಲೆ ಕತ್ತಲಲ್ಲಿ! ಅದಲು ಬದಲು ಮಾಡಿದೆ. ಒಲೆ ಬಲಕ್ಕೆ, ಕಿಟಕಿಯ ಹತ್ತಿರ. ಸಿಂಕ್ ಎಡಕ್ಕೆ — ಪೈಪ್ ಹೇಗೂ ಆ ಗೋಡೆಯ ಆಚೆಯೇ ಇದೆ. ಬಹಳ ದಿನದ ಮೇಲೆ ಕೈಗೆ ಒಂದು ಒಳ್ಳೆಯ ಕೆಲಸ ಸಿಕ್ಕಿತು. ಇವಳಿಗೆ ತೋರಿಸಿದೆ. ತಲೆದೂಗಿದಳು. ಕಾಗದ ತಲೆಕೆಳಗಾಗಿ ಹಿಡಿದಿದ್ದಳು.

ಫೆ. 9
ಕಲ್ಲಿನ ಅಂಗಡಿ. ಗ್ರಾನೈಟ್ ಹಲಗೆಗಳು ಸಾಲಾಗಿ ಒರಗಿ ನಿಂತಿದ್ದವು. ಕಲ್ಲಿನವನು ಒಂದೊಂದಕ್ಕೂ ನೀರು ಎರಚಿ ಬಣ್ಣ ತೋರಿಸಿದ. ಗೆಣ್ಣಿನಿಂದ ತಟ್ಟಿ, "ಕೇಳಿ ಸಾರ್, ಗಂಟೆ ಥರ. ಒಳಗೆ ಬಿರುಕಿದ್ರೆ ಸದ್ದು ಸತ್ತಿರುತ್ತೆ" ಎಂದ. ಮಾತಿನ ಮಲ್ಲ.

"ಅಮ್ಮಾ, ನಿಮಗ್ಯಾವ್ದು ಇಷ್ಟ?"

"ಯಾವುದಾದ್ರೂ ಆಗುತ್ತೆ. ನಿಮಗ್ಯಾಕೆ ತೊಂದ್ರೆ."

ಅರ್ಧ ಗಂಟೆ ಹೀಗೇ. ಆಮೇಲೆ ಒಂದು ಕಪ್ಪು ಕಲ್ಲಿನ ಮೇಲೆ ಅಂಗೈ ಇಟ್ಟು, "ರೀ, ತಣ್ಣಗಿದೆ" ಎಂದಳು. ಕೈ ತೆಗೆಯಲೇ ಇಲ್ಲ. ಅದನ್ನೇ ಹೇಳಿ ಬಂದೆ.

ಫೆ. 18
ಇವಳನ್ನು ಮಗಳ ಮನೆಯಲ್ಲಿ ಬಿಟ್ಟಿದ್ದೇನೆ, ಮೂರು ದಿನಕ್ಕೆ. ಹಳೆಯ ಕಲ್ಲನ್ನು ಹಾರೆ ಹಾಕಿ ಮೀಟಿದರು. ಮೂರು ಚೂರಾಯಿತು. ಒಲೆಗೆ, ಸಿಂಕಿಗೆ ಹೊಸ ಕಲ್ಲನ್ನು ಮೆಷಿನ್‌ನಲ್ಲಿ ಕೊರೆದರು. ಹಾಸಿಗೆ, ಪುಸ್ತಕ, ಬಾಯಿ — ಎಲ್ಲಾ ಕಡೆ ಕಲ್ಲಿನ ಪುಡಿ.

ಮಗಳ ಫೋನ್. ಏನೇನು ಮಾಡಿಸುತ್ತಿದ್ದೇನೆ ಎಂದು ಹೇಳಿದೆ. "ಅಪ್ಪಾ, ಒಲೆ ಜಾಗ ಯಾಕೆ ಬದಲಾಯಿಸಿದ್ರಿ? ಅಮ್ಮನ್ನ ಒಂದ್ ಮಾತು ಕೇಳಿದ್ರಾ?"

"ನಕ್ಷೆ ತೋರಿಸಿದೀನಿ."

"ನಕ್ಷೆ ತೋರಿಸಿದ್ರಂತೆ..." ಎಂದು ಇಟ್ಟುಬಿಟ್ಟಳು. ನನ್ನ ಕೋಪ ಅವಳಿಗೂ ಬಂದಿದೆ.

ಫೆ. 21, ಸಂಜೆ
ಕರೆತಂದೆ. ಕಲ್ಲು ಕನ್ನಡಿಯ ಹಾಗಿದೆ, ಅಂಚು ದುಂಡಗೆ, ನುಣ್ಣಗೆ. ಒಲೆಯ ಮೇಲೆ ಕಿಟಕಿಯ ಬೆಳಕು. ಬಾಗಿಲಲ್ಲಿ ನಿಂತು ನೋಡಿದಳು. "ಚೆನ್ನಾಗಿದೆ" ಎಂದಳು. ಒಳಗೆ ಬರಲಿಲ್ಲ. ಪ್ರಯಾಣದ ಸುಸ್ತಿರಬೇಕು.

ಫೆ. 22, ಬೆಳಗ್ಗೆ 6.40
ನೀರಿನ ಸದ್ದು ಕೇಳಿ ಎದ್ದು ಹೋದೆ. ಎಡ ಮೂಲೆಯಲ್ಲಿ ನಿಂತಿದ್ದಳು. ಹಾಲಿನ ಪಾತ್ರೆ ಸಿಂಕಿನೊಳಗೆ. ನಲ್ಲಿ ಪೂರ್ತಿ ತಿರುಗಿಸಿದ್ದಾಳೆ. ಹಾಲು, ನೀರು ಒಟ್ಟಿಗೆ ತುಂಬಿ ಹರಿಯುತ್ತಿದೆ. ಬಗ್ಗಿ ಪಾತ್ರೆಯ ಕೆಳಗೆ ಉರಿ ಹುಡುಕುತ್ತಿದ್ದಾಳೆ.

"ರೀ, ಹತ್ಕೊಳ್ತಾ ಇಲ್ಲ."

ಕೈಹಿಡಿದು ಬಲಕ್ಕೆ ಕರೆತಂದೆ. ಒಲೆ ತೋರಿಸಿದೆ. ನೋಡಿದಳು. ಮತ್ತೆ ಎಡಕ್ಕೇ ಹೋಗಿ ನಲ್ಲಿ ತಿರುಗಿಸಿದಳು. ಕೂಗಿಬಿಟ್ಟೆ. ಕೂಗಬಾರದಿತ್ತು. ಸೆರಗಿನಿಂದ ಕಲ್ಲು ಒರೆಸುತ್ತಾ ನಿಂತಳು, ಒರೆಸಿದ ಜಾಗವನ್ನೇ ಒರೆಸುತ್ತಾ.

ಫೆ. 23
ಚೀಟಿ ಅಂಟಿಸಿದೆ. ಒಲೆ. ಸಿಂಕ್. ಸಕ್ಕರೆ. ಗಟ್ಟಿಯಾಗಿ ಓದಿದಳು, ತಪ್ಪಿಲ್ಲದೆ. ಓದಿ ಎಡಕ್ಕೆ ಹೋದಳು.

ಮೂವತ್ತೊಂದು ವರ್ಷ ಆ ಕೈ ಹೋಗಿದ್ದು ಎಡಕ್ಕೆ. ತಲೆ ಮರೆತದ್ದನ್ನೆಲ್ಲ ಕೈ ನೆನಪಿಟ್ಟುಕೊಂಡಿತ್ತು. ಅದೊಂದು ಹೋಗದ ಹಾಗೆ ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ನಾನು ಸ್ಕೇಲು ಹಿಡಿದು ಕೂತೆ.

ಮಾರ್ಚ್ 2
ಕಲ್ಲಿನವನ ಹತ್ತಿರ ಹೋಗಿದ್ದೆ. ಮೊದಲಿದ್ದ ಹಾಗೇ ಮಾಡಿಕೊಡಪ್ಪಾ ಎಂದೆ.

"ಕೊರೆದಾಯ್ತಲ್ಲ ಸಾರ್. ಬಟ್ಟೆನಾ, ಬಿಚ್ಚಿ ಹೊಲಿಯೋಕೆ?"

ಹಳೆಯ ಕಲ್ಲಾದರೂ ಕೊಡು ಎಂದೆ. ಯಾರದೋ ಮನೆಯ ಚರಂಡಿಯ ಮೇಲೆ ಹಾಸಿದ್ದಾರಂತೆ. ನನ್ನ ಮುಖ ನೋಡಿ ಕುರ್ಚಿ ಎಳೆದುಕೊಟ್ಟ. "ಹೊಸ ಕಲ್ಲು ತರಿಸಿ ಕೊರೆದುಕೊಡ್ತೀನಿ. ಅಮ್ಮಾವ್ರಿಗೆ ಗೊತ್ತಾಗುತ್ತಾ?"

ಗೊತ್ತಾಗುತ್ತದೆ ಎಂದೆ.

ಮಾ. 14
ಎಲ್ಲಾ ಮತ್ತೆ ಮೊದಲಿನಂತೆ. ಒಲೆ ಎಡಕ್ಕೆ, ಸಿಂಕ್ ಬಲಕ್ಕೆ. ಇಂಚು ಇಂಚೂ ಅಳೆದಿದ್ದೇನೆ.

ಇವಳು ಅಡುಗೆಮನೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಹಾಲ್‌ನಲ್ಲಿ ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ, ಬ್ಯಾಗ್ ತೊಡೆಯ ಮೇಲೆ. ಟೀ ನಾನೇ ಮಾಡುತ್ತೇನೆ. ಇವತ್ತು ಲೋಟ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಚೆನ್ನಾಗಿದೆ, ಇವರೇ. ನಿಮ್ಮ ಮನೆಯವರು ಇಲ್ವಾ?"

ರೀ ಹೋಗಿ ಇವರೇ ಆಗಿದೆ. ಇದ್ದಾರೆ ಎಂದೆ.

"ಅಡುಗೆಮನೆ ನೋಡ್ದೆ. ಹೊಸ ಕಲ್ಲು, ಥಳಥಳ ಅಂತಿದೆ. ನಮ್ಮನೇದು ಹಳೇದು, ಸೀಳು ಬಿಟ್ಟಿದೆ. ಆದ್ರೂ ನನ್ನ ಕೈಗೆ ಒಗ್ಗಿದೆ, ಬೇರೆ ಬೇಡ ಅನ್ಸುತ್ತೆ." ಲೋಟ ಕೆಳಗಿಟ್ಟು, "ಬರ್ತೀನಿ. ಹಾಲು ಕಾಯಿಸ್ಬೇಕು, ನಮ್ಮನೆಯವರು ಕಾಯ್ತಿರ್ತಾರೆ" ಎಂದಳು.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಾ. 15, ಸಂಜೆ 5
ನಿನ್ನೆ "ಮನೆಗೆ ಬಿಟ್ಟು ಬರ್ತೀನಿ" ಎಂದು ಚಪ್ಪಲಿ ಹಾಕಿಸಿ ಒಂದು ಸುತ್ತು ನಡೆಸಿ, ಹಿಂದಿನ ರಸ್ತೆಯಿಂದ ವಾಪಸ್ ಕರೆತಂದಿದ್ದೆ. ಬಂದ ಕೂಡಲೇ ಸೀದಾ ಅಡುಗೆಮನೆಗೆ ಹೋದಳು. ಕಲ್ಲು ಮುಟ್ಟಿದಳು. ನಾನು ಉಸಿರು ಹಿಡಿದು ನಿಂತೆ. ತಿರುಗಿ, "ಮತ್ತೆ ನಿಮ್ಮ ಮನೆಗೇ ಕರ್ಕೊಂಡ್ ಬಂದ್ರಲ್ಲ" ಎಂದಳು. ಸಿಟ್ಟಿನಿಂದಲ್ಲ, ತುಂಬಾ ಮೆಲ್ಲಗೆ.

ಈಗ ಮತ್ತೆ ಬಾಗಿಲಲ್ಲಿ ನಿಂತಿದ್ದಾಳೆ. ಚಪ್ಪಲಿ ತಾನೇ ಹಾಕಿಕೊಂಡಿದ್ದಾಳೆ, ಅದಲು ಬದಲು. "ಇವರೇ, ಹೊತ್ತಾಯ್ತು, ಬರ್ತೀರಾ" ಎನ್ನುತ್ತಿದ್ದಾಳೆ. ಬಂದೆ ಎಂದೆ. ಎಲ್ಲಿಗೆ ಅಂತ ಕರೆದುಕೊಂಡು—